ಪಿಕಪ್‌ನ ಬ್ರೇಕ್ ಡಿಸ್ಕ್ ನಿಜಕ್ಕೂ ಬೆಂಡಾಗುತ್ತದೆಯೇ?

ಹೆದ್ದಾರಿ ಬಿಟ್ಟು ಪಕ್ಕದ ರಸ್ತೆಗೆ ಇಳಿಯಲೆಂದು ಬ್ರೇಕ್ ಒತ್ತುತ್ತೀರಿ. ಸ್ಟೀರಿಂಗ್ ಕೈಯಲ್ಲೇ ನಡುಗತೊಡಗುತ್ತದೆ, ಪೆಡಲ್ ಒಂದೇ ಲಯದಲ್ಲಿ ಪಾದವನ್ನು ಒದೆಯುತ್ತದೆ. ವೇಗ ಇಳಿದಂತೆ ಆ ಲಯವೂ ನಿಧಾನವಾಗುತ್ತದೆ. ಚಕ್ರದ ಜೊತೆ ತಿರುಗುವ, ಬ್ರೇಕ್ ಹಿಡಿಯುವ ಕಬ್ಬಿಣದ ಬಿಲ್ಲೆಯಾದ ಡಿಸ್ಕಿನ ಬಗ್ಗೆ ಗ್ಯಾರೇಜಿನಲ್ಲಿ ಸಿಗುವ ತೀರ್ಪು ಸಾಮಾನ್ಯವಾಗಿ ಒಂದೇ: ‘ಡಿಸ್ಕ್ ಬೆಂಡಾಗಿದೆ, ಬದಲಾಯಿಸಬೇಕು.’ ಬದಲಾಯಿಸುತ್ತೀರಿ. ನಡುಕ ಮಾಯವಾಗುತ್ತದೆ. ಏಳೆಂಟು ಸಾವಿರ ಕಿಲೋಮೀಟರ್ ಕಳೆಯುವಷ್ಟರಲ್ಲಿ ಮತ್ತೆ ಹಾಜರು.

ನನ್ನ ಪಿಕಪ್‌ನಲ್ಲಿ ಎರಡು ಜೊತೆ ಡಿಸ್ಕ್ ಹೀಗೆಯೇ ಹೋದವು. ಮೂರನೆಯ ಸಲ ಚಕ್ರ ಬಿಚ್ಚಿಸಿದಾಗ ಪಕ್ಕದಲ್ಲೇ ನಿಂತು ನೋಡಿದೆ. ಚಕ್ರದ ನಡುವೆ ಇದ್ದು ಅದರೊಂದಿಗೆ ತಿರುಗುವ, ಡಿಸ್ಕ್ ಕೂರುವ ಹಬ್‌ನ ಮುಖದ ಮೇಲೆ ತುಕ್ಕು ಹಕ್ಕಳೆಗಟ್ಟಿತ್ತು. ಹಿಂದಿನ ಎರಡೂ ಸಲ ಅದರ ಮೇಲೆಯೇ ಹೊಸ ಡಿಸ್ಕ್ ಕೂರಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ತಪ್ಪು ಒಂದರದು, ಶಿಕ್ಷೆ ಇನ್ನೊಂದಕ್ಕೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ‘ಬೆಂಡ್’ ಎಂದು ನಾವು ಕರೆಯುವ ದೋಷದಲ್ಲಿ ಡಿಸ್ಕ್ ತಟ್ಟೆಯ ಹಾಗೆ ಸೊಟ್ಟಗಾಗಿರುವುದು ಅಪರೂಪ. ಬೂದು ಎರಕದ ಕಬ್ಬಿಣದ ಡಿಸ್ಕ್ ಚೆನ್ನಾಗಿ ಕಾದಾಗ ಕೊಡೆಯ ಹಾಗೆ ತುಸು ಒಂದು ಬದಿಗೆ ಬಾಗುವುದು ನಿಜ, ಆದರೆ ತಣಿದಾಗ ತನ್ನ ಆಕಾರಕ್ಕೆ ಮರಳುತ್ತದೆ. ನಡುಕ ಹುಟ್ಟಿಸುವ ದೋಷ ದಪ್ಪದಲ್ಲಿರುತ್ತದೆ. ಡಿಸ್ಕಿನ ಸುತ್ತಳತೆಯಲ್ಲಿ ಒಂದು ಕಡೆಗಿಂತ ಇನ್ನೊಂದು ಕಡೆ ಒಂದಿಷ್ಟು ತೆಳುವಾಗಿರುತ್ತದೆ, ಅಥವಾ ಒಂದು ಕಡೆ, ಡಿಸ್ಕನ್ನು ಇಕ್ಕೆಲದಿಂದ ಒತ್ತಿ ಹಿಡಿಯುವ ಪ್ಯಾಡ್‌ನ ವಸ್ತು ಹೆಚ್ಚಾಗಿ ಅಂಟಿ ದಪ್ಪವಾಗಿರುತ್ತದೆ.

ಕೂದಲಿನ ಮೂರನೇ ಒಂದು ಪಾಲು

ಎಷ್ಟು ವ್ಯತ್ಯಾಸ? ದಪ್ಪದಲ್ಲಿ 0.02 ಮಿ.ಮೀ. ಆಸುಪಾಸಿನ ಏರಿಳಿತವಿದ್ದರೆ ಸಾಕು, ಹಲವು ಗಾಡಿಗಳಲ್ಲಿ ಅದು ಪಾದಕ್ಕೆ ತಿಳಿಯುತ್ತದೆ. ತಲೆಗೂದಲು ಸುಮಾರು 0.07 ಮಿ.ಮೀ. ದಪ್ಪ. ಹಾಗಾಗಿ ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ಡಿಸ್ಕನ್ನು ಬೆಳಕಿಗೆ ಹಿಡಿದು ‘ನೋಡಿ, ಬೆಂಡಾಗಿದೆ’ ಎನ್ನುವವರು ಏನನ್ನು ನೋಡುತ್ತಾರೋ ನನಗೆ ಗೊತ್ತಿಲ್ಲ.

ಇಷ್ಟು ಚಿಕ್ಕ ವ್ಯತ್ಯಾಸ ಅಷ್ಟು ದೊಡ್ಡ ಗಾಡಿಯನ್ನು ಅಲುಗಿಸುವುದು ಹೇಗೆ? ಬ್ರೇಕ್ ಒತ್ತಿದಾಗ ಡಿಸ್ಕಿನ ಎರಡೂ ಮುಖಗಳನ್ನು ಪ್ಯಾಡ್‌ಗಳು ಹಿಡಿಯುತ್ತವೆ. ದಪ್ಪ ಜಾಗ ಬಂದಾಗ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಸರಿಯಬೇಕು, ತೆಳು ಜಾಗ ಬಂದಾಗ ಮುಂದಕ್ಕೆ ಬರಬೇಕು. ಪಿಸ್ಟನ್ನಿನ ಹಿಂದಿರುವ ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವ ವಸ್ತುವಲ್ಲ, ಆದ್ದರಿಂದ ಆ ಸರಿದಾಟ ನೇರ ಪೆಡಲ್‌ಗೆ ಬರುತ್ತದೆ. ಜೊತೆಗೆ ಒಂದೊಂದು ಸುತ್ತಿಗೂ ಹಿಡಿತ ಹೆಚ್ಚು ಕಡಿಮೆಯಾಗುತ್ತದೆ. ಅದು ಸ್ಟೀರಿಂಗ್‌ನ ನಡುಕ. ಪಿಕಪ್‌ನ ಟೈರ್ ಒಂದು ಸುತ್ತಿಗೆ ಸುಮಾರು 2.4 ಮೀಟರ್ ಸಾಗುತ್ತದೆ ಎಂದುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹನ್ನೊಂದೂವರೆ ಸುತ್ತು ತಿರುಗುತ್ತದೆ, 30ರಲ್ಲಿ ಮೂರೂವರೆ. ವೇಗ ಇಳಿದಂತೆ ನಡುಕ ನಿಧಾನವಾಗುವುದು ಇದಕ್ಕೇ.

ಈಗ ಮುಖ್ಯ ಪ್ರಶ್ನೆ. ಹೊಸ ಡಿಸ್ಕ್ ಸಮದಪ್ಪವಾಗಿಯೇ ಬರುತ್ತದೆ. ಆಮೇಲೆ ಹೆಚ್ಚುಕಡಿಮೆ ಆಗುವುದು ಹೇಗೆ?

ಡಿಸ್ಕ್ ಹಬ್‌ನ ಮೇಲೆ ಒಂಚೂರು ವಾರೆಯಾಗಿ ಕೂತಿದೆ ಎಂದುಕೊಳ್ಳಿ. ತಿರುಗುವಾಗ ಅದು ಅತ್ತಿತ್ತ ಓಲಾಡುತ್ತದೆ. ಪ್ಯಾಡ್, ಪಿಸ್ಟನ್ ಎರಡನ್ನೂ ಹೊತ್ತಿರುವ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರುವ ಬಗೆಯದಾದರೆ ಈ ಓಲಾಟವನ್ನು ಹಿಂಬಾಲಿಸಿ ತಾನೂ ಸರಿದಾಡುತ್ತದೆ, ಆದ್ದರಿಂದ ಮೊದಮೊದಲು ನಿಮಗೆ ಏನೂ ಗೊತ್ತಾಗುವುದಿಲ್ಲ. ಕೇಡು ನಡೆಯುವುದು ಬ್ರೇಕ್ ಒತ್ತದೆ ಓಡುವಾಗ. ಪ್ಯಾಡ್‌ಗೂ ಡಿಸ್ಕಿಗೂ ನಡುವಿನ ಸಂದು ತೀರಾ ಕಿರಿದು. ಓಲಾಡುವ ಡಿಸ್ಕಿನ ಉಬ್ಬಿದ ಜಾಗ ಪ್ರತಿ ಸುತ್ತಿನಲ್ಲೂ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಕಿಲೋಮೀಟರಿಗೆ ನಾನೂರಕ್ಕೂ ಹೆಚ್ಚು ಸುತ್ತು, 8,000 ಕಿಲೋಮೀಟರಿಗೆ 33 ಲಕ್ಷ ಸವರಿಕೆ. ಹೊರಮುಖ ಒಂದು ಕಡೆ ಸವೆದರೆ, ಒಳಮುಖ ಅದರ ಎದುರು ದಿಕ್ಕಿನಲ್ಲಿ ಸವೆಯುತ್ತದೆ. ಹೀಗೆ ಡಿಸ್ಕಿನ ಎರಡು ಜಾಗ ಮೆಲ್ಲಗೆ ತೆಳುವಾಗುತ್ತವೆ. ಹೊಸ ಡಿಸ್ಕ್ ಹಾಕಿದ ದಿನ ಚೆನ್ನಾಗಿದ್ದು ಕೆಲವು ತಿಂಗಳಲ್ಲಿ ನಡುಕ ಬರುವ ಗುಟ್ಟು ಇದು. ಬೀಜ ಬಿದ್ದದ್ದು ಚಕ್ರ ಕೂರಿಸಿದ ದಿನವೇ.

ಹಬ್ಬಿನ ಮುಖ ಮತ್ತು ಏರ್ ಗನ್

ಡಿಸ್ಕ್ ವಾರೆಯಾಗಿ ಕೂರಲು ದೊಡ್ಡ ಅಪಘಾತವೇನೂ ಬೇಕಿಲ್ಲ. 150 ಮಿ.ಮೀ. ಅಗಲದ ಹಬ್ ಮುಖದ ಅಂಚಿನಲ್ಲಿ 0.05 ಮಿ.ಮೀ. ದಪ್ಪದ ಒಂದೇ ಒಂದು ತುಕ್ಕಿನ ಚೂರು ಸಿಕ್ಕಿಕೊಂಡರೆ, 320 ಮಿ.ಮೀ. ವ್ಯಾಸದ ಡಿಸ್ಕಿನ ಅಂಚಿನಲ್ಲಿ ಅದು 0.1 ಮಿ.ಮೀ.ಗಿಂತ ತುಸು ಹೆಚ್ಚಿನ ಓಲಾಟವಾಗುತ್ತದೆ. ಹಲವು ತಯಾರಕರು ಒಪ್ಪುವ ಮಿತಿ 0.05ರಿಂದ 0.1 ಮಿ.ಮೀ. ಅಂದರೆ ಒಂದು ಚೂರು ತುಕ್ಕಿಗೆ ಮಿತಿ ಮುಗಿಯಿತು.

ಆದ್ದರಿಂದ ಡಿಸ್ಕ್ ಬಿಚ್ಚಿದಾಗಲೆಲ್ಲ ಹಬ್‌ನ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ, ಚಕ್ರದ ನಟ್ ಕೂರುವ ಸ್ಟಡ್‌ಗಳ ಬುಡದ ಸುತ್ತಲೂ ಎಮರಿ ಪೇಪರ್ ಆಡಿಸಿ, ಲೋಹ ಹೊಳೆಯುವವರೆಗೆ ಸ್ವಚ್ಛ ಮಾಡಬೇಕು. ತುಕ್ಕು ಹೆಚ್ಚಾಗಿ ಕೂರುವುದು ಸ್ಟಡ್‌ಗಳ ಬುಡದಲ್ಲಿ, ಬಿಟ್ಟುಹೋಗುವುದೂ ಅಲ್ಲೇ. ಹಳೆಯ ಡಿಸ್ಕನ್ನೇ ಮರಳಿ ಹಾಕುವುದಾದರೆ ಅದರ ಒಳಮುಖಕ್ಕೂ ಇದೇ ಉಪಚಾರ. ಚಕ್ರದ ರಿಮ್ ಡಿಸ್ಕಿಗೆ ತಾಗುವ ಜಾಗವನ್ನೂ ಮರೆಯಬೇಡಿ, ಏಕೆಂದರೆ ಡಿಸ್ಕ್ ಹಬ್ಬಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಂಡ ಬಿಲ್ಲೆ. ಎರಡೂ ಕಡೆ ಸಮತಟ್ಟಾಗಿದ್ದರೆ ಮಾತ್ರ ಅದು ನೆಟ್ಟಗಿರುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್ ಹಾಕಿ ಅದನ್ನು ಪೂರ್ತಿ ತೊಳೆದೇ ಹಾಕಬೇಕು.

ಇನ್ನು ನಟ್. ಏರ್ ಗನ್ ಹಿಡಿದು ‘ಬ್ರ್ರ್’ ಎನಿಸಿ ಒಂದಾದ ಮೇಲೊಂದು ಬಿಗಿಯುತ್ತಾ ಹೋಗುವುದನ್ನು ನೀವು ನೋಡಿಯೇ ಇರುತ್ತೀರಿ. ನಾನು ಮಾತ್ರ ಅದನ್ನು ನೋಡುತ್ತಾ ಸುಮ್ಮನಿರಲಾರೆ. ಒಂದು ನಟ್ ಅತಿಯಾಗಿ ಬಿಗಿದು ಪಕ್ಕದ್ದು ಸಡಿಲವಿದ್ದರೆ ಡಿಸ್ಕಿನ ನಡುಭಾಗ ಆ ಕಡೆಗೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಬ್ರೇಕಿನ ಶಾಖ ಬಿದ್ದರೆ ಹಿಗ್ಗುವಿಕೆಯೂ ಒಂದೇ ಸಮ ಇರುವುದಿಲ್ಲ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಜ್ಯಾಕಿನ ಮೇಲಿರುವಾಗಲೇ ಎಲ್ಲ ನಟ್‌ಗಳನ್ನು ಕೈಯಿಂದ ಸುತ್ತಿ, ಎದುರು ಬದುರಾಗಿ ಅರ್ಧ ಬಿಗಿಯಿರಿ. ಚಕ್ರ ನೆಲಕ್ಕೆ ತಾಗಿದ ಮೇಲೆ ಅದೇ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಪೂರ್ತಿ ಬಿಗಿಯಿರಿ. ಎಷ್ಟು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಪಿಕಪ್‌ಗಳಲ್ಲಿ ಇದು ಸುಮಾರು 110 ನ್ಯೂಟನ್ ಮೀಟರ್‌ನಿಂದ 200ರವರೆಗೆ ಹರಡಿಕೊಂಡಿರುವುದರಿಂದ ಪಕ್ಕದವರ ಗಾಡಿಯ ಅಂಕಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಸ್ಟಡ್‌ನ ಮರೆಗೆ (ತಿರುಪಿನ ಸುರುಳಿಗೆ) ಗ್ರೀಸ್ ಅಥವಾ ಎಣ್ಣೆ ಹಚ್ಚುವ ಅಭ್ಯಾಸವೂ ಇಲ್ಲಿ ಮುಳುವು. ಜಾರುವ ಮರೆಯ ಮೇಲೆ ಅದೇ ಟಾರ್ಕ್ ಕೊಟ್ಟರೆ ನಿಜವಾದ ಬಿಗಿತ ಬಹಳ ಹೆಚ್ಚಾಗುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ರೆಂಚ್ ಹಾಕಿ ನೋಡಿ. ಪಂಕ್ಚರ್ ಹಾಕಿಸಿಕೊಂಡು ಬಂದ ದಿನಕ್ಕೂ ಈ ಮಾತು ಅನ್ವಯಿಸುತ್ತದೆ. ಎಷ್ಟೋ ಸಲ ಬ್ರೇಕಿನ ನಡುಕ ಶುರುವಾಗುವುದು ಬ್ರೇಕಿಗೆ ಕೈಯನ್ನೇ ಹಚ್ಚದ ಟೈರ್ ಅಂಗಡಿಯಲ್ಲಿ.

ಶಾಖದ ಲೆಕ್ಕ

ಡಿಸ್ಕ್ ನೆಟ್ಟಗೆ ಕೂತಿದ್ದರೂ ಶಾಖ ಅದನ್ನು ಕೆಡಿಸಬಲ್ಲದು. ಪಿಕಪ್‌ನಲ್ಲಿ ಇದು ಕಾರಿಗಿಂತ ಹೆಚ್ಚು, ಕಾರಣ ತೂಕ.

ಸರಕು ಸೇರಿ 3,000 ಕಿಲೋ ತೂಗುವ ಗಾಡಿ 100 ಕಿ.ಮೀ. ವೇಗದಿಂದ ನಿಂತಾಗ ಸುಮಾರು 11.6 ಲಕ್ಷ ಜೌಲ್ ಶಕ್ತಿ ಶಾಖವಾಗಬೇಕು. ಅದರಲ್ಲಿ ಶೇ 70ರಷ್ಟನ್ನು ಮುಂದಿನ ಬ್ರೇಕ್ ಹೊರುತ್ತದೆ ಮತ್ತು ಮುಂದಿನ ಎರಡು ಡಿಸ್ಕ್ ಸೇರಿ 22 ಕಿಲೋ ಎಂದಿಟ್ಟುಕೊಂಡರೆ, ಒಂದೇ ನಿಲುಗಡೆಗೆ ಡಿಸ್ಕಿನ ಉಷ್ಣತೆ 70 ಡಿಗ್ರಿಗೂ ಹೆಚ್ಚು ಏರುತ್ತದೆ. ಇದೇನೂ ದೊಡ್ಡದಲ್ಲ, ಗಾಳಿಗೆ ತಣಿಯುತ್ತದೆ. ಆದರೆ ಇದೇ ಗಾಡಿ 500 ಮೀಟರ್ ಎತ್ತರದಿಂದ ಘಾಟಿ ಇಳಿದರೆ ಕಳೆಯಬೇಕಾದ ಶಕ್ತಿ 147 ಲಕ್ಷ ಜೌಲ್. 100ರ ವೇಗದಿಂದ ಹನ್ನೆರಡಕ್ಕೂ ಹೆಚ್ಚು ಸಲ ಬೆನ್ನುಬೆನ್ನಿಗೆ ನಿಂತಷ್ಟು. ಇದರಲ್ಲಿ ಒಂದಿಷ್ಟನ್ನು ಗಾಳಿಯ ತಡೆ ಮತ್ತು ಟೈರ್‌ಗಳು ಕಳೆಯುತ್ತವೆ. ಉಳಿದದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವೇ ಬ್ರೇಕ್ ನುಂಗಬೇಕು.

ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಒತ್ತಿ ಬಿಡಬೇಕೋ, ಹಗುರವಾಗಿ ಒತ್ತಿಯೇ ಇರಬೇಕೋ ಎಂದು ಚಾಲಕರ ನಡುವೆ ಮುಗಿಯದ ಜಗಳವಿದೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಒಂದೇ ಸರಾಸರಿ ವೇಗದಲ್ಲಿ ಇಳಿದರೆ ಹೇಗೆ ಒತ್ತಿದರೂ ಒಟ್ಟು ಶಾಖ ಹೆಚ್ಚುಕಡಿಮೆ ಅಷ್ಟೇ. ಆ ಶಾಖವನ್ನೇ ತಗ್ಗಿಸುವುದು ಗೇರ್. ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ, ಆಟೊಮ್ಯಾಟಿಕ್ ಆದರೆ ಕೈಯಿಂದ ಗೇರ್ ಹಿಡಿದಿಡಿ ಅಥವಾ ಟ್ರೇಲರ್ ಎಳೆಯುವ ಮೋಡ್ ಇದ್ದರೆ ಹಾಕಿ. ಎಂಜಿನ್ ಗಾಡಿಯನ್ನು ಹಿಡಿದಿಟ್ಟುಕೊಂಡರೆ ಬ್ರೇಕ್ ಆಗಾಗ ಬಿಗಿಯಾಗಿ ಒತ್ತಿ, ಪೂರ್ತಿ ಬಿಟ್ಟು, ಗಾಳಿಯಾಡಲು ಅವಕಾಶ ಕೊಡಬಹುದು. ವೇಗದ ಲೆಕ್ಕವೂ ನೆನಪಿರಲಿ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 100ರ ಬದಲು 80ರಲ್ಲಿದ್ದರೆ ನಿಲ್ಲಿಸುವಾಗಿನ ಶಾಖ ಶೇ 36ರಷ್ಟು ಕಡಿಮೆ.

ಶಾಖ ಮಾಡುವ ಕೇಡು ಎರಡು ಬಗೆಯದು. ಮೊದಲನೆಯದು ಅಚ್ಚು ಬೀಳುವುದು. ಜೋರಾಗಿ ಬ್ರೇಕ್ ಹಾಕಿ ನಿಂತ ಮೇಲೂ ಪೆಡಲನ್ನು ಬಲವಾಗಿ ಒತ್ತಿಕೊಂಡೇ ಇದ್ದರೆ, ಕಾದ ಪ್ಯಾಡ್ ಡಿಸ್ಕಿನ ಒಂದೇ ಜಾಗಕ್ಕೆ ಕಚ್ಚಿಕೊಂಡು ತನ್ನ ವಸ್ತುವನ್ನು ಅಲ್ಲಿ ಬಿಡುತ್ತದೆ. ಪ್ಯಾಡಿನ ಆಕಾರದ ಕಪ್ಪು ಗುರುತನ್ನು ಚಕ್ರದ ಕಂಡಿಯಿಂದಲೇ ನೋಡಬಹುದು. ಇದಕ್ಕೆ ಮದ್ದು ಸುಲಭ. ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯಿಂದ ಸ್ವಲ್ಪ ದೂರದಲ್ಲೇ ನಿಂತು, ಕೆಲವು ಸೆಕೆಂಡಿಗೊಮ್ಮೆ ಒಂದೆರಡು ಅಡಿ ಮುಂದೆ ಉರುಳಿಬಿಡಿ.

ಎರಡನೆಯದು ಇನ್ನೂ ಹಟಮಾರಿ. ಡಿಸ್ಕಿನ ಒಂದು ಜಾಗ ಸುಮಾರು 650 ಡಿಗ್ರಿ ದಾಟಿ ಕಾದರೆ ಆ ಕಬ್ಬಿಣದ ಒಳರಚನೆಯೇ ಬದಲಾಗಿ, ಸಿಮೆಂಟೈಟ್ ಎಂಬ ಕಬ್ಬಿಣ ಮತ್ತು ಇಂಗಾಲದ ಗಡಸು ಸಂಯುಕ್ತ ಹುಟ್ಟಬಹುದು. ಸುತ್ತಲಿನ ಕಬ್ಬಿಣ ಸವೆಯುತ್ತದೆ, ಗಡಸು ಕಲೆ ಸವೆಯದೆ ಎದ್ದು ನಿಲ್ಲುತ್ತದೆ. ಎದ್ದು ನಿಂತದ್ದು ಪ್ಯಾಡಿಗೆ ಹೆಚ್ಚು ಉಜ್ಜಿ ಇನ್ನಷ್ಟು ಕಾಯುತ್ತದೆ, ಕಾದು ಇನ್ನಷ್ಟು ಹಬ್ಬುತ್ತದೆ. ಲೇತಿಗೆ ಹಾಕಿಸಿ ಮುಖ ಸಮ ಮಾಡಿಸಿದರೂ ಕಲೆಯ ಬೇರು ಒಳಗೆ ಉಳಿದುಬಿಡುವುದರಿಂದ ಕೆಲವು ಸಾವಿರ ಕಿಲೋಮೀಟರಿಗೆ ನಡುಕ ಮರಳುತ್ತದೆ. ಲೇತಿನಿಂದ ಬಂದ ಡಿಸ್ಕಿನ ಮೇಲೆ ನೀಲಿಗಪ್ಪು ಮಚ್ಚೆಗಳು ಉಳಿದಿದ್ದರೆ ಅದನ್ನು ಮತ್ತೆ ಗಾಡಿಗೆ ಹಾಕಿಸಬೇಡಿ.

ಘಾಟಿ ಇಳಿದು ಬಂದ ಕೂಡಲೇ ಚಕ್ರಕ್ಕೆ ಜೋರು ನೀರು ಬಿಡುವುದೂ ಒಳ್ಳೆಯದಲ್ಲ. ಹತ್ತು ಹದಿನೈದು ನಿಮಿಷ ಮೆಲ್ಲಗೆ ಓಡಿಸಿದರೆ ಗಾಳಿಯೇ ತಣಿಸುತ್ತದೆ.

ಪ್ಯಾಡ್‌ಗೆ ಹದ ಹಿಡಿಸುವುದು

ಬ್ರೇಕಿನ ಕೆಲಸ ಬರೀ ಉಜ್ಜುವುದಲ್ಲ. ಪ್ಯಾಡ್ ತನ್ನ ವಸ್ತುವಿನ ತೀರಾ ತೆಳುವಾದ ಒಂದು ಪದರವನ್ನು ಡಿಸ್ಕಿನ ಮೇಲೆ ಬಳಿಯುತ್ತದೆ, ಆಮೇಲೆ ಪ್ಯಾಡಿನ ಹಿಡಿತ ಬಹುಪಾಲು ಆ ಪದರದ ಮೇಲೆಯೇ. ಗೋಡೆಗೆ ಮೊದಲ ಕೈ ಸುಣ್ಣ ಬಳಿದ ಹಾಗೆ, ಅದು ಸಮವಾಗಿ ಬಿದ್ದರೆ ಮುಂದಿನದೆಲ್ಲ ಸಲೀಸು, ತೇಪೆ ತೇಪೆಯಾಗಿ ಬಿದ್ದರೆ ಕೊನೆಯವರೆಗೂ ಕಾಟ.

ಹೊಸ ಪ್ಯಾಡ್ ಅಥವಾ ಡಿಸ್ಕ್ ಹಾಕಿಸಿದಾಗ, ಹಿಂದೆ ಮುಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಮತ್ತೆ ವೇಗ ಹಿಡಿದು ಅರ್ಧ ನಿಮಿಷ ಓಡಿಸಿ, ಮತ್ತೆ ಇಳಿಸಿ. ಎಂಟು ಹತ್ತು ಸಲ ಹೀಗೆ ಮಾಡಿ, ಕೊನೆಗೆ ಬ್ರೇಕ್ ಆದಷ್ಟು ಮುಟ್ಟದೆ ತಣಿಯುವವರೆಗೆ ಓಡಿಸಿ. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದೇ ಸರಿ, ನನ್ನದಲ್ಲ. ಮೊದಲ 300 ಕಿಲೋಮೀಟರ್ ಭಾರದ ಹೊರೆ, ಟ್ರೇಲರ್, ಘಾಟಿ ಇವುಗಳಿಂದ ದೂರವಿದ್ದರೆ ಇನ್ನೂ ಒಳ್ಳೆಯದು.

ಹಳೆಯ ಪ್ಯಾಡ್‌ಗಳನ್ನು ಹೊಸ ಡಿಸ್ಕಿಗೆ ಹಾಕಿ ಉಳಿತಾಯ ಮಾಡುವ ಆಸೆ ಬೇಡ. ಹಳೆಯ ಡಿಸ್ಕಿನ ಗೀರುಗಳಿಗೆ ಒಗ್ಗಿಹೋದ ಪ್ಯಾಡ್ ಹೊಸ ಮುಖವನ್ನು ಎಲ್ಲೆಡೆ ಸಮನಾಗಿ ಮುಟ್ಟುವುದಿಲ್ಲ.

ಮುಂದಿನ ಬ್ರೇಕಿಗೆ ಬೀಳುವ ಹಿಂದಿನದರ ಪಾಲು

ಪಿಕಪ್‌ಗೇ ವಿಶೇಷವಾದ ಒಂದು ಕಾರಣವಿದೆ. ಅನೇಕ ಪಿಕಪ್‌ಗಳಲ್ಲಿ ಹಿಂದೆ ಈಗಲೂ ಡ್ರಮ್ ಬ್ರೇಕ್. ಡ್ರಮ್ಮನ್ನು ಒಳಗಿನಿಂದ ಒತ್ತುವ ಅದರ ಶೂಗಳು ಸವೆದು ಸಂದು ಹೆಚ್ಚಿದರೆ, ತಾನಾಗಿ ಸರಿಹೊಂದಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದು ಕೂತರೆ, ಹಿಂದಿನ ಬ್ರೇಕ್ ಹೆಸರಿಗೆ ಮಾತ್ರ ಇರುತ್ತದೆ. ಗಾಡಿ ನಿಲ್ಲುತ್ತದೆ, ಚಾಲಕನಿಗೆ ಏನೂ ಗೊತ್ತಾಗುವುದಿಲ್ಲ, ಹಿಂದಿನ ಪಾಲಿನ ಶಾಖವನ್ನೂ ಮುಂದಿನ ಡಿಸ್ಕುಗಳೇ ಹೊರುತ್ತವೆ. ಕೆಲವು ಗಾಡಿಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಹಿಂದಿನ ಆಕ್ಸಲ್ಲಿಗೆ ಒಂದು ಸರಳಿನಿಂದ ಜೋಡಿಸಿರುವ ಅದು, ಆಕ್ಸಲ್ ಎಷ್ಟು ಕೆಳಗೆ ಜೋತಿದೆ ಎಂಬುದನ್ನು ನೋಡಿ ಹೊರೆ ಅಳೆಯುತ್ತದೆ. ಗಾಡಿಯನ್ನು ಎತ್ತರಿಸಿ, ಆ ಸರಳನ್ನು ಹೊಂದಿಸದೆ ಬಿಟ್ಟರೆ ವಾಲ್ವ್‌ಗೆ ಗಾಡಿ ಸದಾ ಖಾಲಿಯೇ. ಟನ್ನುಗಟ್ಟಲೆ ಹೊರೆ ಹೇರಿದರೂ ಹಿಂದಕ್ಕೆ ಕೊಡುವುದು ಖಾಲಿ ಗಾಡಿಯ ಒತ್ತಡ.

ದೊಡ್ಡ ಭಾರದ ಟೈರ್ ಹಾಕಿಸಿದವರಿಗೂ ಇದೇ ಕಥೆ. ಟೈರಿನ ವ್ಯಾಸ ಹೆಚ್ಚಿದಷ್ಟೂ ಅದನ್ನು ನಿಲ್ಲಿಸಲು ಅದೇ ಡಿಸ್ಕ್ ಹೆಚ್ಚು ಬಿಗಿಯಾಗಿ ಹಿಡಿಯಬೇಕು. ಟ್ರೇಲರ್ ಎಳೆಯುವವರು ಟ್ರೇಲರಿನ ಬ್ರೇಕ್ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಬೇಕು. ಖಾಲಿ ಮೈದಾನದಲ್ಲಿ ಮೆಲ್ಲಗೆ ಓಡಿಸುತ್ತಾ ಟ್ರೇಲರಿನ ಬ್ರೇಕನ್ನಷ್ಟೇ ಹಾಕಿ ನೋಡಿ, ಅದು ಗಾಡಿಯನ್ನು ಹಿಂದಕ್ಕೆ ಎಳೆಯುವುದು ತಿಳಿಯಬೇಕು.

ಕ್ಯಾಲಿಪರ್ ಕಚ್ಚಿಕೊಂಡರೂ ಡಿಸ್ಕ್ ಸುಡುತ್ತದೆ. ಜಾರುವ ಪಿನ್ನುಗಳ ಗ್ರೀಸ್ ಒಣಗಿದರೆ, ರಬ್ಬರ್ ತೊಪ್ಪಿ ಹರಿದು ಕೆಸರು ನುಗ್ಗಿದರೆ, ಪ್ಯಾಡ್ ಬಿಟ್ಟುಕೊಳ್ಳುವುದಿಲ್ಲ. ಒಂದು ಪ್ಯಾಡ್ ತೀರಾ ಸವೆದು ಅದರ ಜೋಡಿ ಹೊಸದರಂತೆ ಉಳಿದಿದ್ದರೆ ಅನುಮಾನವೇ ಬೇಡ. ಮಾಮೂಲಿನಂತೆ ಓಡಿಸಿ ಬಂದ ಮೇಲೆ ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಕಡೆಯ ಝಳ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಅಲ್ಲಿ ಏನೋ ಕಚ್ಚಿದೆ. ಪ್ರತಿ ಸಲ ಪ್ಯಾಡ್ ಬದಲಿಸುವಾಗ ಪಿನ್ನುಗಳನ್ನು ಹೊರತೆಗೆದು ಒರೆಸಿ, ಬ್ರೇಕಿಗೆಂದೇ ಇರುವ, ಶಾಖ ತಡೆಯುವ ಗ್ರೀಸ್ ಹಚ್ಚಿಸಿ. ಚಾಸಿಗೆ ಹಾಕುವ ಗ್ರೀಸ್ ರಬ್ಬರನ್ನು ಉಬ್ಬಿಸಿ ಮತ್ತೆ ಕಚ್ಚಿಸುತ್ತದೆ.

ನಡುಕ ಬಂದೇಬಿಟ್ಟರೆ

ಮೊದಲು ಅದು ಬ್ರೇಕಿನದೇ ಎಂದು ಖಚಿತ ಮಾಡಿಕೊಳ್ಳಿ. ಬ್ರೇಕ್ ಮುಟ್ಟದಿದ್ದರೂ ಒಂದು ವೇಗದಲ್ಲಿ ಗಾಡಿ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್ ಅಥವಾ ಟೈರಿನ ತಕರಾರು. ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ‘ಕಟಕಟ’ ಎಂದು ವೇಗವಾಗಿ ಒದ್ದರೆ ಅದು ಎಬಿಎಸ್ (ಚಕ್ರ ಜಾಮಾಗದಂತೆ ತಡೆಯುವ ವ್ಯವಸ್ಥೆ), ದೋಷವಲ್ಲ. ಸ್ಟೀರಿಂಗ್ ನಡುಗಿದರೆ ಬಹುಮಟ್ಟಿಗೆ ಮುಂದಿನ ಡಿಸ್ಕ್, ಸೀಟಿನ ಕೆಳಗೆ ನಡುಕ ತಿಳಿದರೆ ಹಿಂದಿನದು. ಎಳೆಯುವ ಹ್ಯಾಂಡ್ ಬ್ರೇಕ್ ಇರುವ ಗಾಡಿಯಾದರೆ, ಖಾಲಿ ಒಣ ರಸ್ತೆಯಲ್ಲಿ 40ರ ವೇಗದಲ್ಲಿ ಅದರ ಗುಂಡಿಯನ್ನು ಒತ್ತಿಹಿಡಿದೇ ಲಿವರನ್ನು ಮೆಲ್ಲಗೆ ಎಳೆಯಿರಿ. ಆಗಲೂ ನಡುಗಿದರೆ ತಪ್ಪು ಹಿಂದಿನ ಚಕ್ರಗಳಲ್ಲಿದೆ.

ಆಮೇಲೆ ಅಳತೆ. ಮೈಕ್ರೋಮೀಟರ್‌ನಿಂದ ಡಿಸ್ಕಿನ ಸುತ್ತ ಎಂಟು ಕಡೆ ದಪ್ಪ ಅಳೆಯಿಸಿ. ನಂತರ ಎಲ್ಲ ನಟ್‌ಗಳಿಂದಲೂ ಡಿಸ್ಕನ್ನು ಹಬ್ಬಿಗೆ ಬಿಗಿದು, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಓಲಾಟ ಅಳೆಯುವ ಡಯಲ್ ಗೇಜಿನ ಮೊನೆ ತಾಗಿಸಿ, ಡಿಸ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ‘ಬೆಂಡ್’ ಎಂದವರ ಮಾತಿಗೆ ಹಣ ಬಿಚ್ಚಬೇಡಿ.

ದಪ್ಪ ಸಮನಿದ್ದು ಓಲಾಟ ಮಾತ್ರ ಹೆಚ್ಚಿದ್ದರೆ ಡಿಸ್ಕಿನ ತಪ್ಪೆಂದು ಆಗಲೇ ತೀರ್ಮಾನಿಸಬೇಡಿ. ಹಬ್ಬನ್ನು ಮತ್ತೊಮ್ಮೆ ಉಜ್ಜಿ, ಡಿಸ್ಕನ್ನು ಒಂದು ಸ್ಟಡ್‌ನಷ್ಟು ತಿರುಗಿಸಿ ಕೂರಿಸಿ ಅಳೆಯಿರಿ. ಇನ್ನೊಂದು ಸ್ಟಡ್, ಮತ್ತೆ ಅಳತೆ. ಹಬ್ಬಿನ ಸಣ್ಣ ವಾರೆಯೂ ಡಿಸ್ಕಿನ ಸಣ್ಣ ವಾರೆಯೂ ಒಂದೇ ದಿಕ್ಕಿಗೆ ಸೇರಿದರೆ ಓಲಾಟ ಕೂಡುತ್ತದೆ, ಎದುರು ಬದುರಾದರೆ ಕಳೆಯುತ್ತದೆ. ಆರು ಸ್ಟಡ್‌ಗಳ ಹಬ್ಬಿನಲ್ಲಿ ಆರು ಅವಕಾಶಗಳಿವೆ. ಅತಿ ಕಡಿಮೆ ಬಂದ ಸ್ಥಾನಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲೇ ಬಿಗಿಸಿ. ಯಾವ ಸ್ಥಾನದಲ್ಲೂ ಮಿತಿಯೊಳಗೆ ಬರದಿದ್ದರೆ ಬರಿಯ ಹಬ್ಬಿನ ಮುಖದ ಮೇಲೆಯೇ ಗೇಜ್ ಇಟ್ಟು ನೋಡಿ, ಬೇರಿಂಗ್ ಸಡಿಲವಾಗಿರಬಹುದು, ಹಬ್ಬೇ ಸೊಟ್ಟಗಿರಬಹುದು.

ದಪ್ಪದಲ್ಲೇ ಏರಿಳಿತವಿದ್ದರೆ ಲೇತ್ ಒಂದು ದಾರಿ, ಡಿಸ್ಕನ್ನು ಬಿಚ್ಚದೆ ಹಬ್ಬಿನ ಮೇಲೆಯೇ ಕಡೆಯುವ ಯಂತ್ರ ಸಿಕ್ಕರೆ ಮೇಲು, ಅದು ಹಬ್ಬಿನ ವಾರೆಯನ್ನೂ ಸೇರಿಸಿಯೇ ಸಮ ಮಾಡುತ್ತದೆ. ಕಡೆದ ಮೇಲೆ ಉಳಿಯುವ ದಪ್ಪ, ಡಿಸ್ಕಿನ ಮೈಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಕೆಳಗಿಳಿಯುವಂತಿಲ್ಲ. ತೆಳುವಾದ ಡಿಸ್ಕ್ ಅದೇ ಶಾಖಕ್ಕೆ ಬೇಗ ಕಾಯುತ್ತದೆ, ಆದ್ದರಿಂದ ಆ ಅಂಕಿಯ ಹತ್ತಿರ ಬಂದಿರುವುದನ್ನು ಹೊರೆ ಹೊರುವ ಗಾಡಿಯಲ್ಲಿ ನಾನಂತೂ ಉಳಿಸಿಕೊಳ್ಳುವುದಿಲ್ಲ. ಬದಲಿಸುವುದಾದರೆ ಎರಡೂ ಬದಿಯದನ್ನು ಒಟ್ಟಿಗೆ, ಹೊಸ ಪ್ಯಾಡ್‌ಗಳ ಜೊತೆಗೆ. ರಂಧ್ರ ಕೊರೆದ ಆಕರ್ಷಕ ಡಿಸ್ಕುಗಳತ್ತ ಕೆಲವರಿಗೆ ಮನಸ್ಸು ಹೋಗುತ್ತದೆ. ಭಾರದ ಕೆಲಸದಲ್ಲಿ ಆ ರಂಧ್ರಗಳ ಅಂಚಿನಿಂದಲೇ ಬಿರುಕು ಹೊರಡಬಹುದು, ಶಾಖ ಹೀರಲು ಬೇಕಾದ ಕಬ್ಬಿಣವೂ ಅಷ್ಟು ಕಡಿಮೆ. ನುಣುಪು ಮುಖದ, ಒಳಗೆ ಗಾಳಿಯ ಕಂಡಿಗಳಿರುವ ಸಾದಾ ಡಿಸ್ಕ್ ಸಾಕು. ಕ್ಯಾಲಿಪರ್ ಬಿಚ್ಚಿದಾಗ ಅದನ್ನು ಬ್ರೇಕಿನ ರಬ್ಬರ್ ಪೈಪಿನಿಂದ ಜೋತುಬಿಡಲು ಮಾತ್ರ ಬಿಡಬೇಡಿ, ಒಂದು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿಸಿ. ಪೈಪಿನ ಒಳಪದರ ಹರಿದರೆ ಅದು ಒಮ್ಮುಖ ಬಾಗಿಲಾಗಿ ಪಿಸ್ಟನ್ ಹಿಂದೆ ಬರದಂತೆ ಹಿಡಿಯುತ್ತದೆ, ಆಗ ಹೊಸ ಡಿಸ್ಕ್ ಮೊದಲ ವಾರದಲ್ಲೇ ಸುಡುತ್ತದೆ.